ಬೆನ್ನ ಮೇಲೆ ಎಂಟು ಗುಂಡಿ

ನಲವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದ ದರ್ಜಿ ತಾತ ಯಾರ ಬಟ್ಟೆಯಲ್ಲೂ ಅರ್ಧ ಇಂಚು ಕದ್ದವನಲ್ಲ. ಅಂಥ ಮನುಷ್ಯ ಆರು ವರ್ಷದ ಮೊಮ್ಮಗಳ ಸಮವಸ್ತ್ರದಲ್ಲಿ ಬೇಕೆಂದೇ ಮೋಸ ಮಾಡಿದ. ಗುಂಡಿಗಳನ್ನೆಲ್ಲ ಬೆನ್ನಿನ ಕಡೆ ಇಟ್ಟುಬಿಟ್ಟ. ಒಂದಲ್ಲ ಎರಡಲ್ಲ, ಎಂಟು.

ಹೆಂಡತಿ ಹೋದ ಮೇಲೆ ತಾತ ಒಬ್ಬಂಟಿ. ಬೆಳಿಗ್ಗೆ ಏಳಕ್ಕೆ ಮಗಳ ಮನೆಗೆ ಬಂದು, ಇಲಿಮರಿಗೆ (ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದೇ ಹಾಗೆ) ಬಟ್ಟೆ ಹಾಕಿ, ಜಡೆ ಹೆಣೆದು, ಶಾಲೆಗೆ ಬಿಟ್ಟು ಬಂದರೆ ಎಂಟೂವರೆ. ಸಂಜೆ ಅವಳನ್ನು ಕರೆತರುವುದು ಅಳಿಯನ ಪಾಲು. ಹಾಗಾಗಿ ಮಾರನೇ ದಿನ ಏಳರವರೆಗೆ ತಾತನ ಬಾಯಿಗೆ ಮಾತಿನ ಕೆಲಸವಿಲ್ಲ. ಅಂಗಡಿ ಮುಚ್ಚಿ ಮೂರು ವರ್ಷವಾಗಿತ್ತು. ಒಮ್ಮೊಮ್ಮೆ ತನ್ನ ಮನೆ ಬಾಗಿಲ ಬೀಗಕ್ಕೆ "ಸರಿಯಾಗಿ ಬೀಳಪ್ಪ" ಅನ್ನುತ್ತಿದ್ದ. ಅದನ್ನು ಮಾತುಕತೆ ಅನ್ನುವುದಾದರೆ ಅನ್ನಿ.

ಆದರೆ ಜಂಬ ನೋಡಿ! ಬರುವುದು ತನಗೇ ಬೇಕು ಎಂದು ತೋರಿಸಿಕೊಳ್ಳುವವನಲ್ಲ. ಮಗಳ ಮನೆಯ ಮೂರು ಮಹಡಿ ಹತ್ತಿದ ಕೂಡಲೇ ಮೊದಲ ಮಾತು, "ಅಯ್ಯೋ, ಮೊಣಕಾಲು ಹೋಯ್ತು." ದಿನಾ ಇದನ್ನೇ ಕೇಳಿದ ಮಗಳು ಒಂದು ದಿನ ಹೇಳಿದಳು:

"ಅಪ್ಪಾ, ಅವಳೇ ಬಟ್ಟೆ ಹಾಕ್ಕೊಳ್ಳೋದು ಕಲೀಲಿ. ಕಲಿತ ದಿನ ಶಾಲೆ ವ್ಯಾನ್‌ಗೆ ಹೇಳ್ತೀನಿ. ನೀನು ಆರಾಮಾಗಿ ಮಲಕ್ಕೋ."

ಬೇಡ ಅನ್ನಬೇಕಿತ್ತು. "ಆಗ್ಲಿ, ನಂಗೂ ಸಾಕಾಗಿದೆ" ಅಂದ, ದೊಡ್ಡ ಮನುಷ್ಯ. ಮನೆಗೆ ಹೋಗಿ ಹೊಸ ಸಮವಸ್ತ್ರ ಕತ್ತರಿಸಲು ಕೂತ. ಶಾಲೆಯವರು ಬಣ್ಣ ಹೇಳಿದ್ದರೇ ಹೊರತು ಗುಂಡಿ ಎಲ್ಲಿರಬೇಕೆಂದು ಹೇಳಿರಲಿಲ್ಲ.

"ಇದೇನಪ್ಪಾ ಇದು?" ಎಂದಳು ಮಗಳು.

"ಈಗ ಎಲ್ಲಾ ಕಡೆ ಹೀಗೇ."

"ಎಲ್ಲಿ?"

"ಎಲ್ಲಾ ಕಡೆ."

ಗುಂಡಿ ತೂರಿಸುವ ಕಾಜಗಳು ಎಷ್ಟು ಬಿಗಿಯೆಂದರೆ, ಒಂದು ದಿನ ಮಗಳು ತಾನೇ ಹಾಕಲು ಹೋಗಿ ಉಗುರು ಮುರಿದುಕೊಂಡಳು, ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಆಮೇಲೆ ಆ ಉಸಾಬರಿಗೆ ಹೋಗಲಿಲ್ಲ. ತಾತ ಎರಡು ತಿಂಗಳು ನೆಮ್ಮದಿಯಾಗಿದ್ದ.

ಆದರೆ ಇಲಿಮರಿಗೆ ವ್ಯಾನಿನ ಹುಚ್ಚು ಹಿಡಿದಿತ್ತು. ಅವಳ ಗೆಳತಿಯರೆಲ್ಲ ಅದರಲ್ಲೇ ಹೋಗುವವರು. ಬೆಳೆಯುವ ಮಗು ಎಂದು ತಾತ ಅಭ್ಯಾಸಬಲದಿಂದ ಬಟ್ಟೆಯನ್ನು ಸಡಿಲ ಬಿಟ್ಟಿದ್ದನಲ್ಲ, ಅದೇ ಕೈಕೊಟ್ಟಿತು. ಒಂದು ಶುಕ್ರವಾರ ಅವನು ಬರುವಷ್ಟರಲ್ಲಿ ಹುಡುಗಿ ತಯಾರಾಗಿ ನಿಂತಿದ್ದಳು. ತೋಳಿಗೆ ಕೈ ಹಾಕದೆ ಬಟ್ಟೆಯನ್ನು ಹಿಂದುಮುಂದಾಗಿ ತೊಟ್ಟು, ಎರಡು ತಿಂಗಳಲ್ಲಿ ಸಡಿಲಾಗಿದ್ದ ಕಾಜಗಳಿಗೆ ಸಣ್ಣ ಬೆರಳಲ್ಲಿ ಎಂಟೂ ಗುಂಡಿ ಹಾಕಿ, ಸರಕ್ಕನೆ ತಿರುಗಿಸಿ, ಆಮೇಲೆ ತೋಳಿಗೆ ಕೈ ತೂರಿಸಿದ್ದಳು.

"ಭೇಷ್!" ಎಂದಳು ಮಗಳು. "ಸೋಮವಾರದಿಂದ ವ್ಯಾನು. ಅಪ್ಪಾ, ನಿನ್ನ ಮೊಣಕಾಲು ಬಚಾವ್."

"ನನ್ನ ಮೊಣಕಾಲಿಗೆ ಏನೂ ಆಗಿಲ್ಲ ಕಣೆ." ತಾತ ಕುರ್ಚಿಯಲ್ಲಿ ಕುಸಿದ. "ನಾನು ಬರ್ಬೇಕು ಅಂತಾನೇ ಗುಂಡಿ ಹಿಂದೆ ಇಟ್ಟೆ. ಇಲ್ಲಿಂದ ಹೋದ್ರೆ ನಾಳೆ ಬೆಳಿಗ್ಗೆವರೆಗೂ ನಾನು ಯಾರ ಹತ್ರಾನೂ ಮಾತಾಡಲ್ಲ. ನಂಗೆ ಬೇಜಾರಾಗತ್ತೆ."

ಮಗಳು ಸೌಟು ಹಿಡಿದೇ ನಿಂತಳು. ನಿನಗೆ ತೊಂದರೆ ಕೊಡುತ್ತಿದ್ದೇನೆ ಅಂತ ನಾನು ಕೊರಗುತ್ತಿದ್ದೆ ಎಂದಳು. ಹಾಗಾದರೆ ವ್ಯಾನೇ ಬೇಡ ಎಂದೂ ಅಂದಳು. ಅಷ್ಟೇ ತಡ, ಇಲಿಮರಿ ನೆಲಕ್ಕೆ ಬಿದ್ದು ಸೂರು ಹಾರಿಹೋಗುವಂತೆ ಅಳತೊಡಗಿದಳು.

ತಾತ ಅವಳ ಬಟ್ಟೆಯ ಧೂಳು ಕೊಡವಿ ಎಬ್ಬಿಸಿದ. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಒಂದೂ ತಪ್ಪಿರಲಿಲ್ಲ.

"ವ್ಯಾನ್‌ಗೆ ಹೇಳು," ಎಂದ.

ಸೋಮವಾರ ಯಾರೂ ಕರೆಯದಿದ್ದರೂ ಏಳಕ್ಕೆ ಬಂದ. ವ್ಯಾನು ಬಂತು, ಇಲಿಮರಿ ಕಿಟಕಿಯ ಸೀಟಿಗೆ ಗುದ್ದಾಡುವುದರಲ್ಲಿ ತಾತನ ಕಡೆ ತಿರುಗಿಯೂ ನೋಡಲಿಲ್ಲ. ವ್ಯಾನು ಹೋಯಿತು. ತಾತನಿಗೆ ತನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಮಗಳು ಬಾಗಿಲಿಗೆ ಬೀಗ ಹಾಕಿ ಇಳಿದು ಬಂದಳು. ಅವಳದು ಅಂಚೆ ಕಚೇರಿಯ ಕೆಲಸ, ದಿನಾ ನಡೆದೇ ಹೋಗುವವಳು. ತನ್ನ ಚೀಲವನ್ನು ಅಪ್ಪನ ಕೈಗೆ ಕೊಟ್ಟು, "ನಡಿ, ಹೊತ್ತಾಯ್ತು" ಎಂದಳು.

ದಾರಿಯುದ್ದಕ್ಕೂ ತಾತ ಮಾತಾಡಿದ. ಬೀಗದ ವಿಷಯವನ್ನೂ ಹೇಳಿದ. ಕಚೇರಿಯ ಮೆಟ್ಟಿಲ ಬಳಿ ಚೀಲ ಹಿಂದಿರುಗಿಸಿ ಕೇಳಿದ:

"ಎಷ್ಟೊತ್ತಿಗೆ ಬಿಡ್ತಾರೆ?"

"ಐದೂವರೆಗೆ."

"ಇಲ್ಲೇ ಬಾಗಿಲ ಹತ್ರ ನಿಂತಿರು. ನಾನು ಬರೋ ತನಕ ರಸ್ತೆಗೆ ಇಳೀಬೇಡ."

ಕೈಕೆಳಗೆ ಆರು ಜನರಿದ್ದ, ಮೂವತ್ತೊಂಬತ್ತು ವರ್ಷದ ಮಗಳು "ಆಯ್ತಪ್ಪಾ" ಎಂದು ತಲೆಯಾಡಿಸಿ ಒಳಗೆ ಹೋದಳು.