ಕೊನೆಯ ಎರಡು ಚುಕ್ಕೆ

ಚುಕ್ಕೆಗಳು ಎಂದಿನಂತೆಯೇ ಇದ್ದವು, ಮೊರದಿಂದ ಕಾಳು ಉದುರಿದ ಹಾಗೆ ಟಿಕಟಿಕನೆ ಬೀಳುತ್ತಿದ್ದವು. ಗೆರೆಗಳು ಮಾತ್ರ ಸರಿಯಿರಲಿಲ್ಲ. ಒಂದು ಗೆರೆ ಶುರುವಾದರೆ ಎಲ್ಲಿ ನಿಲ್ಲಬೇಕೆಂಬುದೇ ಮರೆತುಹೋದಂತೆ ಎಳೆಯುತ್ತಿತ್ತು. ಮಿಸಾವೊ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ಏನತ್ತೆ, ನಿಮ್ಮ ದ್ವೀಪದ ಗೆಳೆಯರು ಬೆಳಬೆಳಿಗ್ಗೆ ಜಗಳ ತೆಗೆದ್ರಾ? ಮುಖ ಯಾಕೆ ಹಿಂಗಾಯ್ತು?" ಸೊಸೆ ನಾಹೊ, ಹುದುಗಿಸಿದ ಸೋಯಾದ ಮಿಸೊ ಸಾರಿನ ಬಟ್ಟಲನ್ನು ಮೇಜಿನ ಮೂಲೆಗಿಟ್ಟಳು.

"ಸುಮ್ನಿರೇ ಸ್ವಲ್ಪ."

ಜಪಾನಿನ ತೊತ್ತೊರಿಯ ಈ ಹಿತ್ತಿಲ ಕೋಣೆಯಿಂದ, ದೂರದ ಗೋತೊ ದ್ವೀಪವೊಂದರ ಮೀನುಗಾರ ಇಸೊಮುರನ ಜೊತೆ ಮಿಸಾವೊ ದಿನಾ ಬೆಳಿಗ್ಗೆ ರೇಡಿಯೊದಲ್ಲಿ, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ತಾನೇ ಕಟ್ಟಿದ ಮೊದಲ ರೇಡಿಯೊ ಶಾಲೆಯ ಊಟದ ಡಬ್ಬಿಯೊಳಗೆ ಹುಟ್ಟಿತ್ತು. ಅದರ ಕೂಗಿಗೆ ಓಗೊಟ್ಟ ಮೊದಲಿಗರಲ್ಲಿ ಆತನೂ ಒಬ್ಬ. ಇಬ್ಬರ ತಲೆಯೂ ಈಗ ಬೆಳ್ಳಗಾಗಿದೆ, ಆದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನೋಡಬೇಕೆಂದೂ ಅನ್ನಿಸಿರಲಿಲ್ಲ. ಹೆಜ್ಜೆ ಸದ್ದಿನಲ್ಲೇ ಮನೆಯವರು ಯಾರೆಂದು ಗೊತ್ತಾಗುವ ಹಾಗೆ ಸಂಕೇತದ ಕೀ ಒತ್ತುವ ಆ ಕೈ ಅವಳಿಗೆ ಗೊತ್ತಿತ್ತು. ನೆಗಡಿಯಾದರೆ ಗೊತ್ತಾಗುತ್ತಿತ್ತು. ಹೆಂಡತಿ ತೀರಿಕೊಂಡ ಮಾರನೆಯ ದಿನ ಆತ ಹೇಳುವ ಮೊದಲೇ ಗೊತ್ತಾಗಿತ್ತು.

'ಹೊಸ ಕೀ ಇರಬೇಕು,' ಅಂದುಕೊಂಡಳು. ಹೋದ ವಾರವಷ್ಟೇ ಹಳೆಯ ಗರಗಸದ ಬ್ಲೇಡಿನಿಂದ ಆತ ಒಂದು ಅಡ್ಡ ಕೀ ಮಾಡಿಕೊಂಡಿದ್ದ. ಒಂದು ಪಕ್ಕಕ್ಕೆ ತಳ್ಳಿದರೆ ಬ್ಲೇಡು ತಾನೇ ನಡುಗಿ ಚುಕ್ಕೆಗಳನ್ನು ಉದುರಿಸುತ್ತದೆ. ಗೆರೆಯನ್ನು ಮಾತ್ರ ಬೆರಳೇ ಎಳೆಯಬೇಕು.

ಚುಕ್ಕೆ ಬ್ಲೇಡಿನದು. ಗೆರೆ ಬೆರಳಿನದು. ತಪ್ಪುತ್ತಿರುವುದು ಬೆರಳು.

"ಹೊಸ ಕೀ ಹಟ ಮಾಡ್ತಿದೆಯಾ?" ಎಂದು ಒತ್ತಿದಳು. "ಹಳೇದರಲ್ಲಿ ಒಂದ್ಸಲ ಒತ್ತಿ, ಕೇಳೋಣ."

ತಡವಾಗಿ ಉತ್ತರ ಬಂತು. "ಹಳೇದರಲ್ಲೇ ಒತ್ತುತ್ತಿದೀನಿ ಈಗ." ಹಳೆಯ ಕೀಯಲ್ಲಿ ಚುಕ್ಕೆಯೂ ಬೆರಳಿನದೇ, ಈ ಸಲ ಅವೂ ಕಾಲು ಜಾರಿದಂತೆ ಬಿದ್ದವು. "ಕೈ ಜೋಮು ಹಿಡಿದಿದೆ. ಅದರ ಮೇಲೇ ಮಲಗಿದ್ದೆ ಅನ್ಸುತ್ತೆ. ಕಡಲು ಶಾಂತವಾಗಿದೆ. ದೋಣಿ ತಗೊಂಡು ಹೋಗ್ತೀನಿ, ಬಲೆ ಎತ್ತಬೇಕು."

ಒಬ್ಬನೇ. ಆ ಕೈಯಲ್ಲಿ.

ಮಿಸಾವೊ ಹೆಡ್‌ಫೋನಿನ ಒಂದು ಬದಿ ಸರಿಸಿದಳು. "ನಾಹೊ, ಅವರ ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಫೋನ್ ಹಚ್ಚು. ಇಸೊಮುರ ಅವರಿಗೆ ಲಕ್ವ ಹೊಡೀತಿದೆ ಅನ್ನು."

"ಮತ್ತೆ ಶುರುನಾ ಅತ್ತೆ? ಹೋದ್ಸಲ ಏನಾಯ್ತು ನೆನಪಿದೆ ತಾನೆ?"

ನೆನಪಿಲ್ಲದೆ ಏನು! ಚಂಡಮಾರುತದ ಮಾರನೆಯ ಬೆಳಿಗ್ಗೆ ಆತನ ಸದ್ದಿಲ್ಲವೆಂದು ಗಾಬರಿಬಿದ್ದು ಇವಳೇ ಫೋನ್ ಮಾಡಿಸಿದ್ದಳು. ಸ್ಟ್ರೆಚರ್ ಹಿಡಿದು ಓಡಿಬಂದವರಿಗೆ, ಹರಿದ ಆಂಟೆನಾ ತಂತಿ ಕಟ್ಟುತ್ತ ಮಾಡಿನ ಮೇಲೆ ಕೂತ ಇಸೊಮುರ ಸಿಕ್ಕಿದ್ದ. ಆಮೇಲೆ ಊರೆಲ್ಲ ಅವನನ್ನು 'ಹೆಣ ಬಂತು, ದಾರಿ ಬಿಡಿ' ಎಂದು ಕಾಡಿತಂತೆ. ಎಷ್ಟೋ ದಿನ ಆತ ರೇಡಿಯೊ ಮುಟ್ಟಲಿಲ್ಲ. ಕೊನೆಗೆ ಬಂದಾಗ ಒತ್ತಿದ್ದು ಇಷ್ಟೇ: "ಇನ್ನೊಂದ್ಸಲ ಹಿಂಗೆ ಮಾಡಿದ್ರೆ ನಮ್ಮಿಬ್ಬರ ಮಾತು ಅಲ್ಲಿಗೆ ಮುಗೀತು."

"ಈ ಸಲಾನೂ ಏನೂ ಇಲ್ದಿದ್ರೆ?" ನಾಹೊ ಫೋನನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು.

"ಇಲ್ದಿದ್ರೆ ನನ್ನನ್ನ ಬೈಕೊಳ್ಳಲಿ. ಮಾತೂ ಬಿಡಲಿ. ನೀ ಹಚ್ಚೇ!"

ಅಷ್ಟರಲ್ಲಿ ಕಿವಿಯಲ್ಲಿ ಎರಡು ಚುಕ್ಕೆ ಬಿದ್ದವು. ಟಿಕ್, ಟಿಕ್. ಹೊರಡುತ್ತೇನೆ ಎಂದರ್ಥ. ಇತ್ತಲಿಂದಲೂ ಎರಡು ಚುಕ್ಕೆ ಹೋದರೆ ಅಂದಿನ ಮಾತು ಮುಗಿಯಿತು. ಅದು ಬರುವವರೆಗೆ ಇಸೊಮುರ ಕುರ್ಚಿ ಬಿಟ್ಟವನಲ್ಲ. ಹಿಂದೊಮ್ಮೆ ಇವಳ ಕರೆಂಟು ಹೋದಾಗ, ಅದು ಬರುವ ತನಕ ಊಟವನ್ನೂ ಬಿಟ್ಟು ಕಾದಿದ್ದ.

ಮಿಸಾವೊ ಆ ಎರಡು ಚುಕ್ಕೆ ಕೊಡಲಿಲ್ಲ.

"ಒಂದು ನಿಮಿಷ. ಆ ಬ್ಲೇಡು ಯಾವ ಗರಗಸದ್ದು?"

"ಅಪ್ಪಂದು."

"ತುದಿಗೆ ತೂಕ ಏನು ಕಟ್ಟಿದ್ರಿ?"

"ಗಾಳದ... ಸೀಸ." ನಡುವೆ ಇಡೀ ಉಸಿರಿನಷ್ಟು ಬಿಡುವು.

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಹುಡುಗಿಯೊಬ್ಬಳು ಮನುಷ್ಯರನ್ನು ತಿನ್ನುವ ಬೆಟ್ಟದ ಮುದುಕಿಗೆ ಒಗಟಿನ ಮೇಲೆ ಒಗಟು ಹಾಕುತ್ತ ಸೂರ್ಯ ಹುಟ್ಟುವವರೆಗೆ ಅವಳನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡಿದ್ದಳು. ಮಿಸಾವೊಗೆ ಒಗಟು ಸಾಲದೆ ಬರುತ್ತಿತ್ತು. ಸ್ಪ್ರಿಂಗ್ ಎಲ್ಲಿಯದು? ಹಿಡಿಗೆ ಯಾವ ಮರ? ತಾನು ಕಟ್ಟಿದ ವಸ್ತುವಿನ ಬಗ್ಗೆ ಕೇಳಿದರೆ ಉತ್ತರ ಕೊಡದೆ ಏಳುವ ರೇಡಿಯೊದವನನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಉತ್ತರಗಳು ಒಡೆಯುತ್ತ ಹೋದವು. ಅರ್ಧ ಅಕ್ಷರ, ಮತ್ತೆ ಅದೇ ಅರ್ಧ ಅಕ್ಷರ. ನಡುನಡುವೆ, ಟಿಕ್, ಟಿಕ್. ಬಿಟ್ಟುಬಿಡಿ ಎಂದು ಬೇಡಿದಂತೆ.

"ಇನ್ನೊಂದೇ ಒಂದು," ಎನ್ನುತ್ತಿದ್ದಳು ಇವಳು.

ಬೆನ್ನ ಹಿಂದೆ ನಾಹೊಳ ದನಿ ಏರಿತು. "ಹೌದು, ಅದೇ ಮನೆ... ದಯವಿಟ್ಟು ನಗಬೇಡಿ ಸ್ವಾಮಿ, ಒಂದ್ಸಲ ಹೋಗಿ ನೋಡಿ... ಇಲ್ಲ, ಈ ಸಲ ಹಂಗಲ್ಲ."

ಸಂಘದವರು ಆತನ ಮನೆ ತಲುಪುವವರೆಗೂ ಮಿಸಾವೊ ಪ್ರಶ್ನೆ ಹಾಕುತ್ತಲೇ ಇದ್ದಳು. ಫೋನನ್ನು ಕಿವಿಗೊತ್ತಿಕೊಂಡಿದ್ದ ನಾಹೊಳ ಮುಖದ ತುಂಟತನ ಆರಿಹೋಗಿತ್ತು.

"ಅತ್ತೆ. ಒಳಗೆ ಹೋಗಿದಾರಂತೆ. ಬಾಯಿ ಒಂದು ಕಡೆ ಸೊಟ್ಟಗಾಗಿದೆಯಂತೆ. ದೋಣಿಗೆ ಹೋಗೋ ಬೂಟು ಆಗಲೇ ಹಾಕ್ಕೊಂಡಿದ್ರಂತೆ. ಹೆಲಿಕಾಪ್ಟರಿಗೆ ಹೇಳಿದಾರೆ. ಆದ್ರೆ ಏಳ್ತಾನೇ ಇಲ್ವಂತೆ. ಹೆಡ್‌ಫೋನ್ ತೆಗೆಯೋಕೆ ಹೋದವರ ಕೈನ ಎಡಗೈಯಲ್ಲಿ ತಳ್ತಿದಾರಂತೆ. ಏನೋ ಕಾಯ್ತಿದಾರೆ, ಏನು ಅಂತ ಗೊತ್ತಾಗ್ತಿಲ್ಲ ಅಂತಿದಾರೆ."

ಮಿಸಾವೊ ಕೀಯ ಮೇಲೆ ಬೆರಳಿಟ್ಟಳು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದುಕೊಂಡಳು.

ಟಿಕ್.

ಟಿಕ್.

"ಎದ್ರಂತೆ," ಅಂದಳು ನಾಹೊ, ಪಿಸುಮಾತಿನಲ್ಲಿ.

ಹೆಡ್‌ಫೋನಿನಲ್ಲಿ ಬರಿಯ ಮೊರೆತ ಉಳಿಯಿತು. ರೇಡಿಯೊ ಆರಿಸಲು ನಾಹೊ ಸ್ವಿಚ್ಚಿನ ಕಡೆ ಕೈ ಚಾಚಿದಳು. ಮಿಸಾವೊ ಅದರ ಮೇಲೆ ತನ್ನ ಅಂಗೈ ಮುಚ್ಚಿದಳು. ಬಟ್ಟಲಿನಲ್ಲಿ ಮಿಸೊ ಎಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತ್ತು. ಅದರಲ್ಲಿ, ಕಿಟಕಿಯಾಚೆ ಪರ್ಸಿಮನ್ ಹಣ್ಣಿನ ಮರಕ್ಕೆ ಬಿಗಿದ ಆಂಟೆನಾ ತಂತಿಯ ನೆರಳು ಅಲ್ಲಾಡದೆ ಮಲಗಿತ್ತು.