ಕುಂಕುಮದ ಕಲೆಯ ಕನ್ನಡಿ

ನಾನು ಹುಟ್ಟಿದ್ದು ಆಕಾಶ ನೋಡಲಿಕ್ಕಲ್ಲ, ಸಮುದ್ರ ನೋಡಲಿಕ್ಕೆ. ಯಾವ ದೇಶದ ಕುಲುಮೆಯಲ್ಲಿ ನನ್ನನ್ನು ಕರಗಿಸಿ ಎರೆದರೋ ತಿಳಿಯದು. ಬುದ್ಧಿ ಬಂದಾಗ ನಾನೊಂದು ಸರಕು ಹಡಗಿನ ದುಂಡು ಕಿಟಕಿಯ ಗಾಜಾಗಿದ್ದೆ. ಎಂಟು ಇಂಚು ಅಗಲ, ಒಂದು ಇಂಚಿಗಿಂತ ಹೆಚ್ಚು ದಪ್ಪ. ಇಪ್ಪತ್ತೆರಡು ವರ್ಷ ಅಲೆಗಳು ನನ್ನ ಮುಖಕ್ಕೆ ಬಡಿದವು. ನಾನು ಒಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಮೂರು ಸಲ ನನ್ನನ್ನು ಗುಜರಿ ಎಂದು ಕರೆದರು. ಮೂರು ಸಲವೂ ಕರೆದವರೇ ಸೋತರು.

ಮೊದಲು ಕರೆದವನು ಗುಜರಿಯವನೇ. ಹಡಗು ಮುದಿಯಾಗಿ ಅದರ ಮೈಯನ್ನು ಬಿಚ್ಚಿ ಮಾರಿದಾಗ, ಮಂಗಳೂರಿನ ಕಡೆಯ ಒಂದು ಅಂಗಡಿಯ ಹಿತ್ತಿಲಲ್ಲಿ ತುಕ್ಕು ಹಿಡಿದ ಸರಪಳಿಗಳ ನಡುವೆ ಬಿದ್ದಿದ್ದೆ. ಅಲ್ಲಿಗೆ ಹಳೆಯ ಗಡಿಯಾರಗಳನ್ನು ಹುಡುಕಿಕೊಂಡು ಮುಂಡರಗಿಯ ಅಂದಾನಪ್ಪ ಬಂದ. ಅವನು ಗಡಿಯಾರ ರಿಪೇರಿಯವನು. ನನ್ನನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿದ. ‘ಅದು ಗುಜರಿ ಮಾರಾಯರೇ, ಯಾವುದಕ್ಕೂ ಆಗುವುದಿಲ್ಲ’ ಎಂದ ಅಂಗಡಿಯವನು. ಅಂದಾನಪ್ಪ ದುಡ್ಡು ಕೊಟ್ಟು ನನ್ನನ್ನು ಧೋತರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಮುಂಡರಗಿಯ ಅವನ ಮನೆಯ ಪಡಸಾಲೆಯಲ್ಲಿ ಮರಳು ತುಂಬಿದ ಒಂದು ಡ್ರಮ್ ನಿಂತಿತು. ಅದರ ಮೇಲೆ ಇನ್ನೊಂದು ಗಾಜು, ನಡುವೆ ಗಾಜು ಸವೆಸುವ ಕಾರ್ಬೊರಂಡಂ ಪುಡಿ ಮತ್ತು ನೀರು, ಮೇಲೆ ನಾನು. ಹಿಂದೆ ಮುಂದೆ ನಾಲ್ಕು ಸಲ ತಿಕ್ಕಿ, ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯಬೇಕು, ಮತ್ತೆ ತಿಕ್ಕಬೇಕು. ಅಂಗಡಿ ಮುಚ್ಚಿ ಬಂದ ಮೇಲೆ ದಿನಾ ಇದೇ ಕೆಲಸ.

‘ಏನ್ರೀ, ಗುಡಿ ಸುತ್ತೂದು ಬಿಟ್ಟು ಡ್ರಮ್ ಸುತ್ತಾಕ ಹತ್ತೀರಿ. ಇದು ವರಾ ಕೊಡ್ತೈತೇನು?’ ಎಂದಳು ಅವನ ಹೆಂಡತಿ ನೀಲವ್ವ.

‘ಕಣ್ಣು ಕೊಡ್ತೈತಿ.’

‘ಇದ್ದ ಎರಡು ಕಣ್ಣಿಂದ ಮನಿ ಕಸಾ ಕಾಣವಲ್ದು ನಿಮಗ.’

ಏಳು ತಿಂಗಳು ತಿಕ್ಕಿದ. ನನ್ನ ನಡು ತಗ್ಗಾಯಿತು. ಆಮೇಲೆ ರಾಳದ ಹಾಸಿನ ಮೇಲೆ ಕೆಂಪು ಪುಡಿ ಹಾಕಿ ಹೊಳಪು ಬರುವತನಕ ಉಜ್ಜಿದ. ಚಿಮಣಿ ದೀಪ ಮತ್ತು ಒಂದು ಬ್ಲೇಡು ಇಟ್ಟುಕೊಂಡು ನನ್ನ ಬಾಗು ಸರಿಯಿದೆಯೇ ಎಂದು ನೋಡಿದ. ಕೊನೆಗೆ ಬೆಂಗಳೂರಿಗೆ ಒಯ್ದು ಮೈಗೆ ಅಲ್ಯೂಮಿನಿಯಂ ಲೇಪ ಕೊಡಿಸಿದ. ಅಂದಿನಿಂದ ನಾನು ದುರ್ಬೀನಿನ ಕನ್ನಡಿ. ಉದ್ದ ಕೊಳವೆಯ ತಳದಲ್ಲಿ ಮುಖ ಮೇಲೆ ಮಾಡಿ ಮಲಗುವುದು ನನ್ನ ಬಾಳು. ಅದಕ್ಕೇ ಎಲ್ಲರನ್ನೂ ನಾನು ಕೆಳಗಿನಿಂದಲೇ ನೋಡಿದ್ದೇನೆ. ಕೆಳಗಿನಿಂದ ನೋಡಿದರೆ ಮನುಷ್ಯರ ಗದ್ದ ಮೊದಲು ಕಾಣುತ್ತದೆ, ಕಣ್ಣು ಆಮೇಲೆ.

ಅಂದಾನಪ್ಪನಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ನೀಲವ್ವನಿಗೆ ಅವನು ಹೇಳಿದ್ದು ಒಲೆಯ ಮುಂದೆ. ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮೇಲಿನ ಧೂಳು ಒರೆಸಲೆಂದು ಅವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

‘ಈ ರೊಟ್ಟಿ ಹಿಂಗ ಹಿಡದ್ರ ದುಂಡಗ ಕಾಣ್ತೈತಿ. ಅಂಚು ನಿನ್ನ ಕಣ್ಣಿನ ಕಡೆ ತಿರುವಿದ್ರ?’

‘ಗೆರಿ ಕಾಣ್ತೈತಿ.’

‘ಹಂಗ ಮ್ಯಾಲ ಒಂದು ಐತಿ ನೋಡು. ಕೋಟಿಗಟ್ಟಲೆ ಸೂರ್ಯರು ಕೂಡಿ ಒಂದು ರೊಟ್ಟಿ. ನಮಗ ಅದರ ಅಂಚಷ್ಟ ಕಾಣಸ್ತೈತಿ. ಅದಕ್ಕ ಸೂಜಿ ಅಂತಾರ. ಆ ಬೆಳಕು ಅಲ್ಲಿಂದ ಹೊಂಟು ನಾಕು ಕೋಟಿ ವರ್ಷ ಆಗೇತಿ. ಬರಿಗಣ್ಣಿಗೆ ಸಿಗೂದಿಲ್ಲ. ದುರ್ಬೀನಿನ್ಯಾಗ ಮಂಜಿನಂಗ ಕಾಣ್ತೈತಿ ಅಷ್ಟ. ನಲವತ್ತು ನಿಮಿಷ ಅಲಗದಂಗ ಹಿಡದ್ರ ಫೋಟೋದಾಗ ಬರ್ತೈತಿ. ಅದನ್ನ ಹಿಡೀಬೇಕು.’

‘ಮೊದಲ ಇದನ್ನ ಹಿಡೀರಿ, ಆರಿ ಹೋಗ್ತೈತಿ’ ಎಂದು ಆಕೆ ಬಿಸಿ ರೊಟ್ಟಿಯನ್ನು ಅವನ ಕೈಗೆ ಹಾಕಿದಳು.

ಆ ವರ್ಷದ ಮಹಾನವಮಿಯಲ್ಲಿ ನನ್ನ ಹಣೆಬರಹ ಬದಲಾಯಿತು. ಆಯುಧಪೂಜೆಯ ಬೆಳಿಗ್ಗೆ ಅಂದಾನಪ್ಪ ಅಂಗಡಿಯ ಚಿಮಟ, ಸ್ಕ್ರೂಡ್ರೈವರುಗಳಿಗೆ ಪೂಜೆ ಮಾಡಲು ಹೋಗಿದ್ದ. ಮನೆಯಲ್ಲಿ ನೀಲವ್ವ ಈಳಿಗೆ, ಒನಕೆ, ಬೀಸುಕಲ್ಲಿಗೆಲ್ಲ ವಿಭೂತಿ ಕುಂಕುಮ ಇಟ್ಟಳು. ಅಷ್ಟಕ್ಕೇ ಬಿಟ್ಟರೆ ಗಂಡನ ಪ್ರೀತಿಯ ಆಯುಧ ಬರಿಹಣೆಯಲ್ಲಿ ಉಳಿದೀತಲ್ಲ! ನನ್ನನ್ನು ಕೊಳವೆಯಿಂದ ಜೋಪಾನವಾಗಿ ಬಿಚ್ಚಿ, ಮಣೆಯ ಮೇಲಿಟ್ಟು, ನಡುವಿಗಿಂತ ತುಸು ಮೇಲೆ, ಹಣೆ ಇರಬೇಕಾದ ಜಾಗದಲ್ಲಿ, ನೀರಲ್ಲಿ ಕಲಸಿದ ಕುಂಕುಮವನ್ನು ನಾಲ್ಕಾಣೆಯಷ್ಟು ಅಗಲ ಹಚ್ಚಿದಳು. ಊದುಬತ್ತಿ ಬೆಳಗಿ ಕೈಮುಗಿದಳು. ನನಗೆ ಅದುವರೆಗೆ ಯಾರೂ ಕೈಮುಗಿದಿರಲಿಲ್ಲ.

ಕುಂಕುಮದಲ್ಲಿ ಸುಣ್ಣವಿರುತ್ತದೆ. ಸುಣ್ಣ ಲೇಪವನ್ನು ತಿನ್ನುತ್ತದೆ. ಸಂಜೆ ಅಂದಾನಪ್ಪ ಬಂದು ತೊಳೆಯುವಷ್ಟರಲ್ಲಿ ಅಲ್ಲಿ ಲೇಪ ಹೋಗಿ, ಕೆಂಪಂಚಿನ ಕಲೆ ಕಚ್ಚಿಕೊಂಡಿತ್ತು. ಮೂರು ದಿನ ಅವನು ಹೆಂಡತಿಯೊಡನೆ ಮಾತು ಬಿಟ್ಟ. ನಾಲ್ಕನೆಯ ಸಂಜೆ ನನ್ನನ್ನು ಚಂದ್ರನ ಕಡೆ ತಿರುಗಿಸಿದ. ಚಂದ್ರ ಇಡಿಯಾಗಿ, ನಿರ್ಮಲವಾಗಿ ಕಂಡ. ಕಲೆ ಎಲ್ಲಿಯೂ ಕಾಣಲಿಲ್ಲ. ಕಲೆಯಿದ್ದಷ್ಟು ಜಾಗ ಬೆಳಕು ಕೂಡಿಸುವುದಿಲ್ಲ, ಅಷ್ಟೇ. ಉಳಿದ ಮೈಯೆಲ್ಲ ಸೇರಿ ಇಡೀ ಚಿತ್ರವನ್ನು ಕಟ್ಟುತ್ತದೆ.

‘ನೀಲಾ, ಇಲ್ಲಿ ಬಾ. ಕಲಿ ಕನ್ನಡಿಗೆ ಐತಿ, ಚಂದ್ರಗ ಇಲ್ಲ.’

‘ಮತ್ತ ಮೂರು ದಿನ ನನ್ನ ಮ್ಯಾಲ ಮಾರಿ ಯಾಕ ಉಬ್ಬಿಸಿದ್ರಿ?’

ಸೂಜಿ ಮಾತ್ರ ಸಿಗಲಿಲ್ಲ. ಬೇಸಿಗೆಯ ಅಮಾವಾಸ್ಯೆಗಳಲ್ಲಿ, ಸಿಂಹರಾಶಿಯ ಬಾಲದಾಚೆ ಅದು ಮೇಲೇರಿರುತ್ತಿತ್ತು. ಹಳೆಯ ಗೋಡೆಗಡಿಯಾರದ ಗಾಲಿಗಳನ್ನು ಜೋಡಿಸಿ ನನ್ನ ಕೊಳವೆ ಆಕಾಶದ ಜೊತೆ ತಿರುಗುವಂತೆ ಮಾಡಿ, ಅದಕ್ಕೊಂದು ಕ್ಯಾಮರಾ ಬಿಗಿದಿದ್ದ. ಆದರೆ ಗಾಲಿಗಳು ಒಮ್ಮೆ ಮುಂದು, ಒಮ್ಮೆ ಹಿಂದು. ಅದಕ್ಕಾಗಿ ಪಕ್ಕದಲ್ಲೊಂದು ಸಣ್ಣ ದುರ್ಬೀನು ಕಟ್ಟಿ, ಅದರೊಳಗೆ ನೀಲವ್ವನ ಎರಡು ಕೂದಲೆಳೆಗಳನ್ನು ಅಡ್ಡ ಉದ್ದ ಬಿಗಿದಿದ್ದ. ಆ ಎಳೆಗಳು ಕೂಡುವಲ್ಲಿ ಒಂದು ನಕ್ಷತ್ರವನ್ನು ನಿಲ್ಲಿಸಿಕೊಂಡು, ಅದು ಸರಿದಾಗಲೆಲ್ಲ ತಿರುಪು ತಿರುಗಿಸಿ ಮತ್ತೆ ಅಲ್ಲಿಗೇ ತರಬೇಕು. ನಲವತ್ತು ನಿಮಿಷ. ಆದರೆ ಆ ವರ್ಷಗಳಲ್ಲಿ ಅವನ ಕೈಗೆ ನಡುಕ ಹತ್ತಿತ್ತು. ಗಡಿಯಾರದ ಕೂದಲಿನಂಥ ಸ್ಪ್ರಿಂಗು ಹಿಡಿಯುತ್ತಿದ್ದ ಕೈ ಚಹದ ಬಸಿ ಹಿಡಿದರೂ ಕುಣಿಯುತ್ತಿತ್ತು. ಆರು ಬೇಸಿಗೆ ಹೋದವು. ಪ್ರತಿ ಸಲವೂ ಫೋಟೋದಲ್ಲಿ ಸೂಜಿ ಬರಲಿಲ್ಲ, ಅಲುಗಿ ಕದಡಿದ ಕಂಬಳಿಹುಳ ಬಂತು.

ಆರನೆಯ ಬೇಸಿಗೆಯ ಕೊನೆಯಲ್ಲಿ ನೀಲವ್ವನನ್ನು ಕೂರಿಸಿ ನೋಡಿದ. ಆಕೆ ಹನ್ನೆರಡನೆಯ ವರ್ಷದಿಂದ ದಿನವೂ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಪೂಜೆ ಮಾಡಿದವಳು. ಕಾಲು ತಾಸಾದರೂ ನಕ್ಷತ್ರ ಎಳೆಯಿಂದ ಕದಲಲಿಲ್ಲ. ಅಷ್ಟರಲ್ಲಿ ಮೋಡ ಬಂತು.

‘ಇಷ್ಟು ವರ್ಷ ನಾ ಸುಳ್ಳ ತಿಣಕಿದೆ. ಬರೂ ಬ್ಯಾಸಿಗಿಗೆ ನೀನ ಕುಂದರಬೇಕು. ಮಾತು ಕೊಡು.’

ಆಕೆ ಕೊಟ್ಟಳು. ಬನದ ಹುಣ್ಣಿಮೆಯ ಮರುದಿನ ಅಂದಾನಪ್ಪ ಲಿಂಗೈಕ್ಯನಾದ. ಅವನಿಗೆ ಮಕ್ಕಳಿರಲಿಲ್ಲ. ಇದ್ದವನು ತಮ್ಮ ಕೊಟ್ರಪ್ಪ. ಕಿರಾಣಿ ಅಂಗಡಿಯವನು, ದಪ್ಪ ಮೈ, ಮೆತ್ತನೆಯ ಮನಸ್ಸು, ಊರಿನ ಬಾಯಿಗೆ ಬಹಳ ಹೆದರುವವನು.

ಸಂಬಂಧಿಕರ ಮನೆಯ ಹೆಂಗಸರು ನೀಲವ್ವನ ಹಣೆಯ ಕುಂಕುಮ ಒರೆಸಿದರು. ಆಕೆ ತಡೆಯಲಿಲ್ಲ. ಎಲ್ಲರೂ ಹೋದ ಮೇಲೆ ದುರ್ಬೀನು ನಿಲ್ಲಿಸಿದ್ದ ಮಾಳಿಗೆಗೆ, ಮನೆಯ ಬಯಲು ಛಾವಣಿಗೆ, ಬಂದು ನನ್ನನ್ನು ಬಿಚ್ಚಿ ತೆಗೆದಳು. ನನ್ನಲ್ಲಿ ಆಕೆಯ ಬರಿಯ ಹಣೆ ದೊಡ್ಡದಾಗಿ ಕಂಡಿತು. ಅದರ ಮೇಲೆ ನನ್ನ ಕಲೆ ಕೂತಿತ್ತು.

‘ಇದನ್ನ ಯಾರು ಒರಸ್ತಾರ ನೋಡೂಣು’ ಎಂದಳು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ನನ್ನ ಮುಂದೆ ಕೂತು ಕಲೆಯ ಅಳತೆಗೆ ಸರಿಯಾಗಿ ಕುಂಕುಮ ಇಟ್ಟುಕೊಂಡಳು.

ಕೊಟ್ರಪ್ಪ ಬಂದು ಅತ್ತಿಗೆಯನ್ನು ನೋಡಿ ತಲೆ ತಗ್ಗಿಸಿದ. ‘ವೈನಿ, ಮಂದಿ ಆಡಕೊಳ್ತಾರ. ಅದಿರ್ಲಿ, ಮಾಳಿಗಿ ಮ್ಯಾಲಿನ ಆ ಗುಜರಿ ನೋಡಿದಾಗೊಮ್ಮೆ ಎಲ್ಲಾರಿಗೂ ಸಂಕಟ. ಬಸವ ಜಯಂತಿ ಮುಗದ ಕೂಡ್ಲೆ ಬಂಡಿ ತರಸ್ತೀನಿ.’ ಹೀಗೆ ನಾನು ಎರಡನೆಯ ಸಲ ಗುಜರಿಯಾದೆ.

‘ತರಸು. ಅದರ ಮೊದಲಿನ ಅಮಾಸಿ ನನ್ನದು’ ಎಂದಳು ನೀಲವ್ವ.

ಕ್ಯಾಮರಾದಲ್ಲಿ ಅಂದಾನಪ್ಪ ಹಾಕಿದ್ದ ರೀಲು ಹಾಗೇ ಇತ್ತು. ಅಮಾವಾಸ್ಯೆಗೆ ಎರಡು ದಿನ ಮೊದಲು ಮೋಡ. ಮುಂದಿನ ದಿನ ಗಾಳಿ. ಅಮಾವಾಸ್ಯೆಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಎಂಟು ಗಂಟೆಗೆ ದಿನದಂತೆ ಕರೆಂಟು ಹೋಯಿತು; ಊರೆಲ್ಲ ಬೈದುಕೊಂಡಿತು, ನೀಲವ್ವ ‘ಶಿವಶಿವಾ, ಚಲೋ ಆತು’ ಎಂದಳು. ಕಂಬಳಿ ಹಾಸಿ ಕೂತು, ಕೂದಲೆಳೆಯ ಮೇಲೆ ಚಿಕ್ಕಿಯನ್ನು ತಂದು ನಿಲ್ಲಿಸಿ, ಕ್ಯಾಮರಾದ ಕಣ್ಣು ತೆರೆದಳು. ನಾಲ್ಕು ಕೋಟಿ ವರ್ಷ ನಡೆದ ಬೆಳಕು ನನ್ನ ಮೈಮೇಲೆ ಬಿದ್ದಿತು. ಎಷ್ಟು ಹಗುರ! ಆದರೂ ಬಿದ್ದದ್ದು ನನಗೆ ಗೊತ್ತಾಯಿತು.

ಐದು ನಿಮಿಷವಾಗಿರಬಹುದು. ಏಣಿ ಕಿರುಗುಟ್ಟಿತು. ಕೊಟ್ರಪ್ಪ ಏದುಸಿರು ಬಿಡುತ್ತ ಮೇಲೆ ಬಂದ.

‘ವೈನೀ! ಅಮಾಸಿ ದಿನಾ, ಒಬ್ಬಾಕಿ, ಮಾಳಿಗಿ ಮ್ಯಾಲ...’

‘ನಿಂದ್ರು!’ ಎಂದಳು ನೀಲವ್ವ, ಕಣ್ಣು ತೆಗೆಯದೆ. ‘ಇನ್ನೊಂದು ಹೆಜ್ಜಿ ಇಟ್ಟೀದಿ ಅಂದ್ರ ಮಾಳಿಗಿ ಅಲಗಿ ನಿಮ್ಮಣ್ಣನ ಸೂಜಿ ಮುರೀತೈತಿ.’

ಅದು ಮಣ್ಣಿನ ಮಾಳಿಗೆ. ಅವನ ತೂಕಕ್ಕೆ ತೊಲೆಗಳೇ ನರಳುತ್ತಿದ್ದವು. ಅವನು ಎತ್ತಿದ ಕಾಲನ್ನು ಮೆಲ್ಲಗೆ ಇಟ್ಟ.

‘ಇಳದು ಹೋಗ್ಲೇನ್ರಿ?’

‘ಏಣಿ ಗ್ವಾಡಿಗೆ ಬಡೀತೈತಿ. ಅಲ್ಲೇ ನಿಂದ್ರು.’

‘ಎಷ್ಟೊತ್ತು?’

‘ಮೂವತ್ತೈದು ನಿಮಿಷ.’

‘ಯವ್ವಾ! ಅಲ್ರೀ ವೈನಿ, ಸೂತಕದ ಮನಿ, ಮಂದಿ ಏನಂದಾರು?’

‘ಲಿಂಗ ಕಟ್ಟಿಕೊಂಡಾಕಿಗೆ ಎಲ್ಲೀ ಸೂತಕೋ ಕೊಟ್ರಪ್ಪ? ನೀನೂ ಕೊರಳಾಗ ಕಟಗೊಂಡು ತಿರಗ್ತೀ. ಒಂದಿನಾನೂ ಅದನ್ನ ಕೇಳಿಲ್ಲೇನು?’

‘ಹಣಿಮ್ಯಾಲ ಕುಂಕುಮ ಬ್ಯಾರೆ...’

‘ಇಷ್ಟು ಕತ್ತಲಾಗ ಅದೂ ಕಂಡ್ತೇನು ನಿನಗ? ಭಾಳ ಚಲೋ ಕಣ್ಣ ಅದಾವ. ಮುಂದಿನ ಚಿತ್ರಕ್ಕ ನೀನ ಕುಂದ್ರು.’

ಕೊಟ್ರಪ್ಪ ಕೊರಳ ಮೇಲೆ ಮೆಲ್ಲಗೆ ಕೈಯಾಡಿಸಿಕೊಂಡ. ಸ್ವಲ್ಪ ಹೊತ್ತಿಗೆ ಸಣ್ಣ ದನಿ ಬಂತು. ‘ವೈನಿ, ಸೊಳ್ಳಿ ಕಡೀತಾವ್ರಿ.’

‘ಕಡೀಲಿ.’

ಗಡಿಯಾರದ ಗಾಲಿಗಳು ಟಿಕಟಿಕ ಎನ್ನುತ್ತಿದ್ದವು. ನೀಲವ್ವನ ಬೆರಳು ತಿರುಪಿನ ಮೇಲೆ ಇರುವೆಯಷ್ಟು ಸರಿಯುತ್ತಿತ್ತು. ಊರಿಗೆ ಹೆದರುತ್ತಿದ್ದವನು ಊರಿನ ನೆತ್ತಿಯ ಮೇಲೆ ಕಂಬದ ಹಾಗೆ ನಿಂತಿದ್ದ. ಬೇರೆ ಏನೂ ಮಾಡಲಾಗದೆ ಅವನೂ ಮೇಲೆ ನೋಡಿದ. ಬಹಳ ಹೊತ್ತಿನ ಮೇಲೆ ಕೇಳಿದ: ‘ವೈನಿ, ಅಣ್ಣಗ ಇದು ಅಷ್ಟು ಬೇಕಾಗಿತ್ತೇನ್ರಿ?’

ತಿರುಪಿನ ಮೇಲಿನ ಬೆರಳು ಒಮ್ಮೆ ತಡೆಯಿತು.

‘ಈಗ ಅಳಸಬ್ಯಾಡೋ ತಮ್ಮಾ. ಕಣ್ಣಾಗ ನೀರು ತುಂಬಿದ್ರ ಚಿಕ್ಕಿ ಕಾಣೂದಿಲ್ಲ. ಎಂಟು ನಿಮಿಷ ಉಳದೈತಿ. ಆಮ್ಯಾಲ ಇಬ್ಬರೂ ಕೂಡಿ ಅಳೂಣು.’

ಎಂಟು ನಿಮಿಷ ಕಳೆಯಿತು. ಆಕೆ ಕ್ಯಾಮರಾದ ಕಣ್ಣು ಮುಚ್ಚಿದಳು. ಆಮೇಲೆ ಇಬ್ಬರೂ ಅತ್ತರು. ಮಾಳಿಗೆ ಅಲುಗಿತು, ನಾನೂ ಅಲುಗಿದೆ. ಆಗ ಅಲುಗಿದರೆ ತಪ್ಪಿರಲಿಲ್ಲ.

ಮುಂದಿನದು ನಾನು ಕಂಡದ್ದಲ್ಲ, ಕೊಟ್ರಪ್ಪ ನೂರು ಸಲ ಹೇಳಿ ಕೇಳಿದ್ದು. ಸ್ಟುಡಿಯೋದ ಮಾಬುಸಾಬ ರೀಲು ತೊಳೆದು, ಚಿತ್ರ ಹಾಕಿ, ಸಪ್ಪೆ ಮುಖ ಮಾಡಿಕೊಂಡು ಹೊರಗೆ ಬಂದನಂತೆ. ‘ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಚಿಕ್ಕಿ ಎಲ್ಲಾ ಬಂದಾವು. ಆದ್ರ ನಡುವ ಒಂದು ಗೀರು ಬಿದ್ದೈತಿ. ಸಣ್ಣ ಕುಂಚಾ ತಗೊಂಡು ಕರಿ ಬಣ್ಣದಾಗ ಮುಚ್ಚಿ ಕೊಡ್ಲೇನ್ರಿ? ಮದುವಿ ಫೋಟೋದಾಗಿನ ಮಚ್ಚಿನೂ ಗೊತ್ತಾಗದಂಗ ಮುಚ್ಚೀನಿ ನಾ.’

‘ಮುಟ್ಟಿದ್ರ ಕೈ ಮುರೀತೀನಿ!’ ಎಂದು ಕೂಗಿದವನು ಕೊಟ್ರಪ್ಪ. ‘ಮೂವತ್ತೈದು ನಿಮಿಷ ಸೊಳ್ಳಿ ಕಡಿಸಿಕೊಂಡೀನಿ ಆ ಗೀರಿಗೆ!’

ನೀಲವ್ವ ಚಿತ್ರವನ್ನು ಮನೆಗೆ ತಂದು ನನ್ನ ಎದುರು ಹಿಡಿದಳು. ಕಪ್ಪಿನ ನಡುವೆ ಬೆಳ್ಳಗೆ, ನೇರಕ್ಕೆ, ಚೂಪಾಗಿ ಒಂದು ಸೂಜಿ. ಅದರ ಬೆನ್ನುದ್ದಕ್ಕೂ ದಾರದಷ್ಟು ತೆಳ್ಳನೆಯ ಕರಿಗೆರೆ. ‘ನೋಡ್ರಿ’ ಎಂದಳು. ಯಾರಿಗೆ ಹೇಳಿದಳೆಂದು ನನಗೆ ತಿಳಿಯಿತು.

ಬಂಡಿ ಬರಲಿಲ್ಲ. ಚಿತ್ರ ಕೊಟ್ರಪ್ಪನ ಕಿರಾಣಿ ಅಂಗಡಿಯ ಗೋಡೆಗೆ ಏರಿತು. ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಅವನು ಸೂಜಿ ತೋರಿಸಿದ. ನೀಲವ್ವ ಇನ್ನೂ ಹದಿನಾಲ್ಕು ವರ್ಷ ಕುಂಕುಮ ಇಟ್ಟುಕೊಂಡೇ ಬಾಳಿ, ಇಟ್ಟುಕೊಂಡೇ ಲಿಂಗದಲ್ಲಿ ಬೆರೆತಳು. ಆ ದಿನ ಯಾರೋ ಒರೆಸಲು ಕೈ ಚಾಚಿದರಂತೆ. ಕೊಟ್ರಪ್ಪ ಅವರ ಕೈ ಹಿಡಿದನಂತೆ.

ಈಗ ನಾನು ಅವನ ಮನೆಯ ಕಪಾಟಿನಲ್ಲಿದ್ದೇನೆ. ಲೇಪ ಮಾಸಿ ಮೈಯೆಲ್ಲ ಮಬ್ಬು. ಹೋದ ವರ್ಷ ಹುಬ್ಬಳ್ಳಿಯಿಂದ ಒಬ್ಬ ಆಕಾಶ ನೋಡುವವನು ಬಂದಿದ್ದ. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹಿಂಗ ಇಟ್ರ ಇದು ಗುಜರಿನ ರೀ. ನಾ ಒಯ್ದು ಲೇಪ ತಗಸಿ ಹೊಸಾದು ಹಾಕಸ್ತೀನಿ. ಈ ಕಲೀನೂ ಹೋಗ್ತೈತಿ’ ಎಂದ.

ಎಂಬತ್ತರ ಹತ್ತಿರದ ಕೊಟ್ರಪ್ಪ ಎರಡೂ ಕೈಯಿಂದ ನನ್ನನ್ನು ಕಸಿದುಕೊಂಡ. ‘ಆ ಕುಂಕುಮಕ್ಕ ಕೈ ಹಚ್ಚಬ್ಯಾಡ್ರಿ’ ಎಂದ.

ನನಗೆ ವಯಸ್ಸಾಗಿದೆ, ಒಪ್ಪುತ್ತೇನೆ. ಆದರೆ ಅಂದಾನಪ್ಪ ತಿಕ್ಕಿ ತಂದ ಬಾಗು ಕೂದಲೆಳೆಯಷ್ಟೂ ಕೆಟ್ಟಿಲ್ಲ. ಬೆಳಕು ಬಿದ್ದರೆ ಇವತ್ತಿಗೂ ಒಂದೇ ಕಡೆ ಕೂಡಿಸುತ್ತೇನೆ. ಬಸವ ಜಯಂತಿಯ ಹಿಂದಿನ ಅಮಾವಾಸ್ಯೆ ಬಂದರೆ ಕೊಟ್ರಪ್ಪ ನನ್ನನ್ನು ಅಂಗಳಕ್ಕೆ ತಂದು, ಮಣೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಇಡುತ್ತಾನೆ. ಕೊಳವೆ ಇಲ್ಲ, ಕ್ಯಾಮರಾ ಇಲ್ಲ. ಆದರೂ ಪಕ್ಕದಲ್ಲಿ ಕೋಲೂರಿ ನಲವತ್ತು ನಿಮಿಷ ನಿಲ್ಲುತ್ತಾನೆ. ಒಂದು ಹೆಜ್ಜೆ ಕದಲುವುದಿಲ್ಲ. ಮಗ್ಗುಲ ಮನೆಯವರು ನಗುತ್ತಾರೆ. ನಗಲಿ. ಸೊಳ್ಳೆ ಕಡಿಯುತ್ತವೆ. ಕಡಿಯಲಿ.