ಮಂಕು ಬಲ್ಬಿನ ಹುಗ್ಗಿ

ಶನಿವಾರ ನಸುಕಿನಲ್ಲಿ ತಂಬೂರು ಗ್ರಾಮದ ಹೊಲಗಳಲ್ಲಿ ಪಂಪುಗಳು ಒಂದೊಂದಾಗಿ ಗುಂಯ್‌ಗುಡತೊಡಗಿದವು. ಅಡುಗೆಮನೆಯ ಬಲ್ಬು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಕೊನೆಗೆ ಜ್ವರ ಬಂದವನ ಕಣ್ಣಿನಂತೆ ಒಳಗಿನ ತಂತಿಯೊಂದೇ ಮಿಣಮಿಣ ಅನ್ನತೊಡಗಿತು. ಉಳಿದ ಮನೆಗಳ ಹೆಂಗಸರು ಈ ಹೊತ್ತಿಗೆ ಕರೆಂಟಿನವರ ಹೆಸರು ಹಿಡಿದು ಬೈಯುತ್ತಿದ್ದರು. ರೇವವ್ವ ಮಾತ್ರ ಇದಕ್ಕಾಗಿಯೇ ಕಾದು ಕುಳಿತವಳು, ಕೈ ಮುಗಿದು ಕರೆಂಟಿನ ಗಡಿಗೆಯ ಪಿನ್ನು ಚುಚ್ಚಿದಳು.

ಒಲೆಯ ಮೇಲೆ ಒಂದು ಕುದಿ ಬಂದ ಕುಟ್ಟಿದ ಗೋದಿಯನ್ನು ಆಗಲೇ ಹೂವಿನ ಚಿತ್ರದ ಆ ಗೋವಾ ಗಡಿಗೆಗೆ ಸುರಿದಾಗಿತ್ತು. ಇನ್ನು ಮಧ್ಯಾಹ್ನದವರೆಗೆ ಅದು ತನ್ನ ಪಾಡಿಗೆ ಬೇಯಬೇಕು.

"ಅತ್ತೀ, ಎರಡ ಮಾತು ನೆನಪಿಡ್ರಿ. ಮುಚ್ಚಳ ತೆಗೀಬ್ಯಾಡ್ರಿ. ಬಲ್ಬ ಬೆಳ್ಳಗಾತು ಅಂದ್ರ ಪಿನ್ನ ಕೀಳ್ರಿ."

ಬಾಗಿಲ ಬಳಿ ಜಮಖಾನದ ಮೇಲೆ ಕುಳಿತಿದ್ದ ಮಹಾದೇವಕ್ಕ ದಪ್ಪ ಗಾಜಿನ ಕನ್ನಡಕದೊಳಗಿಂದ ಸೊಸೆಯನ್ನು ನೋಡಿದಳು. "ನಾ ಕರೆಂಟಿಗೆ ಕೈ ಹಚ್ಚೂದಿಲ್ಲ ಅಂತ ನಿನಗ ಗೊತ್ತೈತಿ. ಲೈಟಿನ ಗುಂಡಿ ಸೈತ ನಾ ಇವತ್ತಿನತನಕ ಒತ್ತಿಲ್ಲ."

"ಬೆಳ್ಳಗಾಗೂದಿಲ್ಲ ಬಿಡ್ರಿ. ಪಂಪ ನಡದಿರೂತನಕ ಭಯ ಇಲ್ಲ. ಕಬ್ಬಿಗೆ ನೀರ ಬಿಡೂ ದಿನದಾಗ ಯಾರ ಪಂಪ ಬಂದ್ ಮಾಡ್ತಾರ?"

ಮಹಾದೇವಕ್ಕ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡಳು. ಹೇಳುವುದನ್ನೆಲ್ಲ ಅವಳು ಎಂಟು ದಿನದ ಹಿಂದೆಯೇ ಹೇಳಿ ಮುಗಿಸಿದ್ದಳು.

ಅವಳ ಕಣ್ಣಿನ ಪೊರೆ ತೆಗೆಸಿದ್ದೂ, ರೇವವ್ವನಿಗೆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರ ಕೆಲಸ ಸಿಕ್ಕಿದ್ದೂ ಒಂದೇ ತಿಂಗಳಲ್ಲಿ. ಹೊಗೆಗೆ ಮುಖ ಕೊಡಬೇಡವೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. "ಒಲಿ ಮುಂದ ಕೂಡಾಕ ನನಗ ಕಣ್ಣಿಲ್ಲ, ನಿನಗ ಹೊತ್ತಿಲ್ಲ. ಎರಡರಾಗ ಒಂದು ಬಿಡಬೇಕಾತು. ಕಣ್ಣ ಅಂತೂ ಬಿಡಾಕ ಬರೂದಿಲ್ಲ," ಎಂದು ಮಹಾದೇವಕ್ಕ ಲೆಕ್ಕ ಮುಗಿಸಿದ್ದಳು. ರೇವವ್ವ ಅಂದು ಹಟಕ್ಕೆ ಬಿದ್ದು, ನೌಕರಿಯನ್ನೂ ಬಿಡುವುದಿಲ್ಲ, ಮಾವನವರ ತಿಥಿಯ ಎಡೆಯನ್ನೂ ತಪ್ಪಿಸುವುದಿಲ್ಲ ಅಂದುಬಿಟ್ಟಳು. "ರಜಾ ಹಾಕದ? ಹುಗ್ಗಿ ಹದಗೆಡದಂಗ ಎಡಿ ಮಾಡ್ತಿ? ಹಂಗಾದ್ರ ನೌಕರಿ ಮಾಡು. ಹದಗೆಟ್ಟರ ಅವತ್ತ ಸಂಜೀಕ ರಾಜೀನಾಮಿ," ಎಂದು ಅತ್ತೆ ಗಂಟು ಹಾಕಿದ್ದಳು. ಇಂದು ಮಾವ ಮಡಿವಾಳೆಪ್ಪನವರ ತಿಥಿ. ಮಧ್ಯಾಹ್ನಕ್ಕೆ ಅಯ್ಯನವರು ಬರುತ್ತಾರೆ. ಅವರ ಪಾದಪೂಜೆಯಾಗಿ, ಅವರು ಮೊದಲ ತುತ್ತು ತೆಗೆದುಕೊಳ್ಳುವವರೆಗೆ ಎಡೆಯ ಹುಗ್ಗಿಯನ್ನು ಮನೆಯ ಯಾರೂ ನಾಲಿಗೆಗೆ ತಾಗಿಸುವಂತಿಲ್ಲ. ಬೆಂದಿದೆಯೋ ಇಲ್ಲವೋ ಅನ್ನುವುದು ಅಯ್ಯನವರ ಹಲ್ಲಿಗೇ ಮೊದಲು ಗೊತ್ತಾಗಬೇಕು. ಅವರಿಗೋ ಇದ್ದವು ನಾಲ್ಕೇ ಹಲ್ಲು.

ಗಡಿಗೆಯ ಕತೆ ಬೇರೆ. ರೇವವ್ವನ ಗಂಡ ಕುಬೇರಪ್ಪ ಅಳ್ನಾವರಕ್ಕೆ ಹೋದಾಗ, ಗೋವಾದಿಂದ ಫಾರಿನ್ ಸಾಮಾನು ತರಿಸಿ ಮಾರುವ ಮೀರಾಸಾಬನ ಅಂಗಡಿಯಲ್ಲಿ ಅದನ್ನು ಆರಿಸಿದ್ದ. ಆರಿಸಿದ್ದಕ್ಕಿಂತ ಹೆಚ್ಚು ಊರೆಲ್ಲ ಸಾರಿದ್ದ. "ಇದಕ್ಕ ಸ್ಲೋ ಕುಕ್ಕರ ಅಂತಾರ. ಸೀಟಿ ಇಲ್ಲ, ಹೊಗಿ ಇಲ್ಲ, ಅವಸರ ಮೊದಲ ಇಲ್ಲ!"

"ಸೋಲೋ ಕುಕ್ಕರ ಅಂತ?" ಮಹಾದೇವಕ್ಕ ಕಿವಿಗೆ ಕೈ ಇಟ್ಟಿದ್ದಳು. "ಲೇ ಕುಬೇರಾ, ಗೆಲ್ಲೋದು ಸಿಗಲಿಲ್ಲೇನ ಅಲ್ಲೆ?"

ಸೋತದ್ದು ಖರೆ. ಬೆಳಗಿನಿಂದ ಸಂಜೆಯವರೆಗೆ ಇಟ್ಟರೂ ಮಡಿಕೆಕಾಳು ನೀರಿನಲ್ಲಿ ಈಜುತ್ತಿದ್ದವೇ ಹೊರತು ಬೇಯಲಿಲ್ಲ. ನೀರು ಕಡಿಮೆ ಮಾಡಿ ನೋಡಿದರು. ಮಹಾದೇವಕ್ಕ ತಾಸಿಗೊಮ್ಮೆ ಮುಚ್ಚಳ ತೆಗೆದು ಇಣುಕಿ, ಇದ್ದಷ್ಟು ಕಾವನ್ನೂ ಗಾಳಿಗೆ ಬಿಟ್ಟಳು. ಕುಬೇರಪ್ಪ ಪ್ರತಿ ಸಲವೂ ಬಲ್ಬಿನ ಕಡೆ ಬೆರಳು ತೋರಿಸಿ, "ಕುಕ್ಕರ ಚಲೋ ಐತಿ, ಕರೆಂಟ ಸುಮಾರೈತಿ. ಈ ಪಂಪಿನವರ ಕರೆಂಟ ಕುಡದಬಿಟ್ಟಾರ," ಅನ್ನುತ್ತಿದ್ದ.

ಗಂಡನ ಮರ್ಯಾದೆ ಉಳಿಸಲು ರೇವವ್ವ ಒಂದು ರವಿವಾರ ಯಾರಿಗೂ ಹೇಳದೆ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಳ್ನಾವರಕ್ಕೆ ಹೋದಳು.

"ನಿಮ್ಮೂರಾಗ ಕರೆಂಟ ಹೆಂಗೈತ್ರಿ ಅಕ್ಕಾರ?" ಮೀರಾಸಾಬ ಕೇಳಿದ.

"ಬಲ್ಬ ಎಲ್ಲೈತಿ ಅಂತ ನೋಡಾಕ ಕಂದೀಲ ಹಿಡೀಬೇಕ್ರಿ."

ಮೀರಾಸಾಬ ನಕ್ಕು, ಒಳಗಿನಿಂದ ಥೇಟು ಅಂಥದೇ ಇನ್ನೊಂದನ್ನು ತಂದ. ಅದೇ ಬಣ್ಣ, ಅದೇ ಹೂವು. "ಇದು ಬ್ಯಾರೆ ದೇಶದ ಅರ್ಧಾ ಕರೆಂಟಿಂದ್ರಿ. ನಮ್ಮ ಅಳ್ನಾವರದಾಗ ಇದನ್ನ ಚುಚ್ಚಿದ್ರ ಸುಟ್ಟ ಹೋಗತೈತಿ, ಅದಕ್ಕ ಯಾರೂ ಒಯ್ದಿಲ್ಲ. ನಿಮ್ಮೂರಿನ ಬಡಕಲ ಕರೆಂಟಿಗೆ ಅಗದಿ ಬರೋಬ್ಬರಿ. ಆದ್ರ ನೋಡ್ರಿ, ಬಲ್ಬ ಬೆಳ್ಳಗಾದ ಕೂಡ್ಲೆ ಕಿತ್ತಬಿಡ್ರಿ. ಇಲ್ಲಂದ್ರ ಗಡಿಗಿ ಒಡದು ಅಡಗಿ ಮಾಳಿಗಿಗೆ ಹತ್ತತೈತಿ."

ಹೊಸ ಗಡಿಗೆಯಲ್ಲಿ ಕಾಳು ಬೆಣ್ಣೆಯಂತೆ ಬೆಂದವು. ಕುಬೇರಪ್ಪ ಮೀಸೆ ತಿರುವಿ, "ನಾ ಆರಿಸಿದ್ದಲಾ!" ಅಂದ. ಗಡಿಗೆ ಬದಲಾದ ಗುಟ್ಟನ್ನು ತನ್ನಲ್ಲೇ ಇಟ್ಟುಕೊಂಡು ರೇವವ್ವ ಅವನಿಗೆ ಇನ್ನೊಂದು ಸೌಟು ಬಡಿಸಿದಳು.

ಶನಿವಾರ ಮುಂಜಾನೆಯ ಶಾಲೆ. ಅಂದು ಇನ್‌ಸ್ಪೆಕ್ಟರ್ ಸಾಹೇಬರು ಬೇರೆ ಬಂದಿದ್ದರು. ಕೊನೆಯ ಸಾಲಿನ ಮಣೆಯ ಮೇಲೆ ಕುಳಿತು ಅವಳ ಪಾಠ ಕೇಳುತ್ತಿದ್ದರು. ಕಿಟಕಿಯಾಚೆ ಕಬ್ಬಿನ ಗದ್ದೆಗಳು, ಅವುಗಳಾಚೆ ಪಂಪುಗಳ ಮೇಳ. ಈರಪ್ಪನ ಪಂಪು ಶೀತವಾದವನಂತೆ ಮೂಗಿನಲ್ಲಿ ಹಾಡುತ್ತಿತ್ತು. ಕೆರೆ ಕೆಳಗಿನದು ಭಜನೆಯ ಶ್ರುತಿಪೆಟ್ಟಿಗೆ. ಗೌಡರದು ಗೌಡರಂತೆಯೇ ಗಂಟಲು ಬಿಟ್ಟು ಗದರುತ್ತಿತ್ತು. ಮೇಳ ಕೇಳುತ್ತಿರುವಷ್ಟು ಹೊತ್ತು ರೇವವ್ವನ ಎದೆ ತಣ್ಣಗಿತ್ತು.

ಏಳರ ಮಗ್ಗಿಯ ನಡುವೆ ಈರಪ್ಪನ ಪಂಪು ನಿಂತಿತು.

ಬೆಲ್ಟು ಹರಿದಿರಬೇಕು ಅಂದುಕೊಂಡಳು. ಮಕ್ಕಳು ಏಳರಿಂದ ಎಂಟಕ್ಕೆ ಬರುವಷ್ಟರಲ್ಲಿ ಕೆರೆ ಕೆಳಗಿನದೂ ನಿಂತಿತು. ಆಮೇಲೆ ಇನ್ನೊಂದು. ಯಾರೋ ದೀಪ ಆರಿಸುತ್ತ ಬಂದಂತೆ ಸದ್ದು ಆರುತ್ತ ಬಂತು. ಕರೆಂಟು ಹೋಗಿದ್ದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತಿದ್ದವು. ಇದು ಹಾಗಲ್ಲ. ತಲೆ ಎತ್ತಿ ನೋಡಿದಳು. ಶಾಲೆಯ ವರಾಂಡದಲ್ಲಿ ಯಾರೋ ಆರಿಸಲು ಮರೆತ ಬಲ್ಬು ಹಳದಿಗೆ ಏರಿತ್ತು.

"ಯಾಕ್ರಿ ಅಕ್ಕೋರ, ನಿಲ್ಲಿಸಿದ್ರಿ?" ಸಾಹೇಬರು ಕೇಳಿದರು.

ಓಡಿದರೆ ಇಲ್ಲಿಯೇ ನೌಕರಿ ಹೋಯಿತು. ನಿಂತರೆ ಅಲ್ಲಿ ಹುಗ್ಗಿ ಹೋಗಿ, ಅದರ ಹಿಂದೆ ನೌಕರಿ ಹೋಯಿತು. ಮನೆಯಲ್ಲಿ ಪಿನ್ನಿನ ಬಾಜೂ ಕೂತಿದ್ದವಳಾದರೂ ಯಾರು? ಕರೆಂಟಿಗೆ ಕೈ ಹಚ್ಚದವಳು, ಹುಗ್ಗಿ ಹದಗೆಟ್ಟರೆ ಗೆಲ್ಲುವವಳು. ಅವಳೇನೂ ಮಾಡಬೇಕಿಲ್ಲ, ಸುಮ್ಮನೆ ಕೂತರೆ ಸಾಕು.

"ಏನಿಲ್ರಿ ಸರ. ಒಂಬತ್ತರ ಮಗ್ಗಿ ಹೇಳ್ರಿ ಎಲ್ಲಾರೂ."

ಗೌಡರ ಪಂಪು ಒಂದು ಸಲ ಗೊರಕೆ ಹೊಡೆದು ಮಲಗಿತು. ಊರಿನ ಮೇಲೆ ಬಿದ್ದ ಆ ಮೌನದಲ್ಲಿ ಮಕ್ಕಳ ಮಗ್ಗಿ ದೊಡ್ಡದಾಗಿ ಕೇಳಿಸಿತು. ವರಾಂಡದ ಬಲ್ಬು ಹಾಲಿನಂತೆ ಬೆಳ್ಳಗೆ ಉರಿಯುತ್ತಿತ್ತು. ಹನ್ನೆರಡರ ಮಗ್ಗಿಯವರೆಗೂ ರೇವವ್ವ ಕಿಟಕಿಯ ಕಡೆ ತಿರುಗಲಿಲ್ಲ, ಸೀಮೆಸುಣ್ಣ ಮಾತ್ರ ಅವಳ ಮುಷ್ಟಿಯಲ್ಲಿ ಪುಡಿಯಾಗಿತ್ತು. ಸಾಹೇಬರು ಸಹಿ ಹಾಕಿ ಎದ್ದರು, ಗಂಟೆ ಹೊಡೆಯಿತು. ನಮಸ್ಕಾರ ಹೇಳಿದಳೋ ಇಲ್ಲವೋ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಕೆರೆಯ ಏರಿಯ ಮೇಲೆ ಕುಬೇರಪ್ಪ ಎದುರಾದ. ಮುಖ ಅರಳಿತ್ತು, ಧೋತರ ಕೆಸರಾಗಿತ್ತು.

"ಏ ರೇವಾ, ಬಲ್ಬ ನೋಡಿದೇನ? ಹೊಲಾ ಹೊಲಾ ತಿರುಗಿ ಬಂದ್ ಮಾಡಿಸೇನಿ! ಇವತ್ತ ನಮ್ಮ ಅಪ್ಪನ ಎಡಿ ಐತಿ, ಮಧ್ಯಾಹ್ನತನಕ ಕಬ್ಬ ಕಾದ್ರ ಏನ ಆಗತೈತಿ ಅಂತ ಕೈ ಮುಗದೆ. ಗೌಡರು ಸೈತ ಒಪ್ಪಿದ್ರು. ನಿನ್ನ ಕುಕ್ಕರಿಗೆ ಇನ್ನ ಪೂರಾ ಕರೆಂಟ!"

ರೇವವ್ವ ಓಟ ನಿಲ್ಲಿಸಲಿಲ್ಲ. ನಿಂತು ಬೈಯಲು ಹೊತ್ತಿರಲಿಲ್ಲ, ಬೈದರೂ ಯಾವ ಬಾಯಿಂದ? ಗಡಿಗೆ ಬದಲಿಸಿದ್ದನ್ನು ಮುಚ್ಚಿಟ್ಟವಳು ತಾನು. "ಆಮ್ಯಾಲ ಹೇಳ್ತೀನ್ರಿ," ಎಂದಷ್ಟೇ ಅಂದು ಅವನನ್ನು ದಾಟಿದಳು.

ಹೊಸ್ತಿಲಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು.

ಅಡುಗೆಮನೆಯಲ್ಲಿ ಬಲ್ಬು ಕಣ್ಣು ಕುಕ್ಕುತ್ತಿತ್ತು. ಮಹಾದೇವಕ್ಕ ಕನ್ನಡಕದ ಮೇಲೆ ಸೆರಗು ಮುಚ್ಚಿಕೊಂಡು, ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಹಾವು ಹೊಡೆದವಳಂತೆ ಏದುಸಿರು ಬಿಡುತ್ತ ಕುಳಿತಿದ್ದಳು. ಪಿನ್ನು ವಯರು ಸಮೇತ ಮೂಲೆಗೆ ಹಾರಿ ಬಿದ್ದಿತ್ತು. ಗಡಿಗೆ ಎಲ್ಲಿ? ಹೊದೆಯುವ ಕೌದಿಯೊಂದು ಉಬ್ಬಿಕೊಂಡು ನೆಲದ ಮೇಲಿತ್ತು.

"ಕಣ್ಣಾಗ ಸೂಜಿ ಚುಚ್ಚಿದಂಗ ಆತು," ಮಹಾದೇವಕ್ಕ ಅಂದಳು. "ಇದು ಹೆಂಗ ಬೆಳ್ಳಗಾತು ಅನ್ನೂದರಾಗ ಗಡಿಗಿ ಕೊತಕೊತ ಅಂತು. ಮೊದ್ಲ ಸುಮ್ಮನ ಕುಂತಿದ್ದೆ. ಸುಳ್ಳ ಯಾಕ ಹೇಳ್ಲಿ? ಸುಡಲಿ, ಇವತ್ತಿಗೆ ಇದು ಮುಗೀತು ಅಂತನ ಕುಂತಿದ್ದೆ."

"ಆಮ್ಯಾಲ್ರಿ?"

"ಆಮ್ಯಾಲ ಸೀದ ವಾಸನಿ ಬಂತು. ಒಳಗ ಇದ್ದದ್ದು ನಿನ್ನ ನೌಕರಿ ಅಲ್ಲವ್ವಾ, ನನ್ನ ಗಂಡನ ಹುಗ್ಗಿ." ಕೋಲು ಕೆಳಗಿಟ್ಟಳು. "ಕಟಗಿಗೆ ಕರೆಂಟ ಹತ್ತೂದಿಲ್ಲ ಅಂತ ಅವರ ಹೇಳ್ತಿದ್ರು. ಹೊಡದೆ. ಮುಚ್ಚಳ ತೆಗದಿಲ್ಲ, ಕಾವ ಹೋಗಬಾರದಂತ ಕೌದಿ ಹೊಚ್ಚೇನಿ."

ಹೊರಗೆ ಅಯ್ಯನವರ ಜೋಳಿಗೆಯ ಗಂಟೆ ಕೇಳಿಸಿತು. ರೇವವ್ವ ಕೌದಿ ಸರಿಸಿ, ತಳ ಕೆರೆಯದೆ ಮೇಲಿನದನ್ನಷ್ಟೇ ಹಿತ್ತಾಳೆ ಪಾತ್ರೆಗೆ ಇಳಿಸಿದಳು. ಮಹಾದೇವಕ್ಕ ಕುಟ್ಟಿದ ಬೆಲ್ಲ ಸುರಿದು ತಿರುವಿದಳು. ಗೋದಿ ಬೆಂದಂತೆ ಕಂಡಿತು. ಕಂಡದ್ದನ್ನು ನಂಬುವುದು ಹೇಗೆ, ರುಚಿ ನೋಡುವಂತಿಲ್ಲ.

ಪಾದಪೂಜೆ ಮುಗಿಯಿತು. ಅಯ್ಯನವರು ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ನಾಲ್ಕು ಹಲ್ಲು ಒಂದನ್ನೊಂದು ಹುಡುಕಿಕೊಂಡು ಹೋಗುವುದನ್ನು ಮನೆಯವರೆಲ್ಲ ಉಸಿರು ಹಿಡಿದು ನೋಡಿದರು. ಅಯ್ಯನವರು ನುಂಗಿದರು. ಹುಬ್ಬೇರಿಸಿದರು.

"ಬೆಂದದ್ದೇನೋ ಅಗದಿ ಚಲೋ ಬೆಂದೈತಿ. ಆದ್ರ ಮಹಾದೇವಕ್ಕ, ತುಸು ಸೀದ ವಾಸನಿ ಐತಲ್ಲವಾ?"

ರೇವವ್ವ ನೆಲ ನೋಡಿದಳು. ಸೀದ ಹುಗ್ಗಿ ಅಂದರೆ ಹದಗೆಟ್ಟ ಹುಗ್ಗಿಯೇ. ಅತ್ತೆ ಈಗ ಹೌದೆಂದರೆ ಸಾಕು, ಸಂಜೆ ರಾಜೀನಾಮೆ ಬರೆಯಬೇಕು. ಕುಬೇರಪ್ಪ ತಾಯಿಯ ಮುಖ ನೋಡಿದ.

ಮಹಾದೇವಕ್ಕ ಸೆರಗು ಸರಿಪಡಿಸಿಕೊಂಡಳು. "ಹೌದ್ರಿ ಅಯ್ಯಾರ. ನಮ್ಮ ಮನಿಯವರಿಗೆ ತಳ ಹಿಡಿದ ಹುಗ್ಗಿನ ಸೇರ್ತಿತ್ತು. ಅದಕ್ಕ ಬೇಕಂತಲೇ ಹಂಗ ಮಾಡಿಸೇನಿ."

ಮದುವೆಯಾಗಿ ಆರು ವರ್ಷ ಮಾವನಿಗೆ ಬಡಿಸಿದ ರೇವವ್ವ ಈ ಮಾತನ್ನು ಇಂದೇ ಮೊದಲು ಕೇಳಿದ್ದಳು. ಅಯ್ಯನವರು ಇನ್ನೊಂದು ಸೌಟು ಹಾಕಿಸಿಕೊಂಡರು.

ಅವರು ಹೊರಟ ಮೇಲೆ ಮಹಾದೇವಕ್ಕ ಮಗನನ್ನು ಕರೆದಳು. "ಲೇ ಕುಬೇರಾ, ಹೋಗಿ ಪಂಪ ಚಾಲೂ ಮಾಡಸು. ಜನಾ ಕಬ್ಬ ಒಣಗಿಸ್ಕೊಂಡ ಕುಂತಾರ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಸೋಮಾರ ಎಷ್ಟಕ್ಕ ಸಾಲಿ?"

"ಹತ್ತಕ್ರಿ ಅತ್ತಿ."

"ಕಾಳ ತೊಳದಿಟ್ಟ ಹೋಗು. ಗಡಿಗಿ ಕಾಯಾಕ ನಾ ಅದೀನಿ, ನನ್ನ ಕೋಲ ಐತಿ. ಆದ್ರ ನಿನ್ನ ಗಂಡನ್ನ ನೀನ ಕಾದ್ಕೊ. ಮೊದಲಿನ ಗಡಿಗಿಗೆ ಕರೆಂಟ ಸಾಲತಿದ್ದಿಲ್ಲ, ಇದಕ್ಕ ಹೆಚ್ಚಾತು, ನನಗ ತಿಳಿಯೂದಿಲ್ಲೇನ? ಯಾವ ಗಡಿಗಿ ತಂದೀದಿ ಅಂತ ಇವತ್ತರ ಅವನ ಮುಂದ ಹೇಳು."

ಹೊಲದ ಕಡೆಯಿಂದ ಈರಪ್ಪನ ಪಂಪು ಮೂಗಿನಲ್ಲಿ ಹಾಡತೊಡಗಿತು. ಬಲ್ಬು ಹಳದಿಗಿಳಿಯಿತು. ಮಹಾದೇವಕ್ಕ ಕನ್ನಡಕದ ಮೇಲಿನ ಸೆರಗು ತೆಗೆದಳು.